ಬಾಯಿ ಬಿಟ್ಟರೆ ಮುಗಿಯುವ ಕಥೆ

ಹಾಸಿಗೆ ಅಂಗಡಿಯ ಹಿರಿಯ ಸೊಸೆಗೆ ಬೀದಿಯವರು ಇಟ್ಟ ಹೆಸರು ತೀರ್ಪಿನಕ್ಕ. ಟಿವಿಯಲ್ಲಿ ಹೊಸ ಧಾರಾವಾಹಿ ಶುರುವಾದರೆ ಸಾಕು, ನೋಡಬೇಕೋ ಬಿಡಬೇಕೋ ಎಂದು ಕೇಳಲು ಜನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಜನ್ಮದಲ್ಲಿ ಅಲ್ಲಿ ಒಂದು ದಿಂಬು ಕೊಳ್ಳದವರೂ ಬರುತ್ತಿದ್ದರು. ತೀರ್ಪು ಕೊಡುವುದರಲ್ಲಿ ಅವಳೇನೂ ಜಿಪುಣಿಯಲ್ಲ.

“ಆ ಮನೇಲಿ ಅಷ್ಟು ದೊಡ್ಡ ಅಡುಗೆಮನೆ ಇದೆ, ಒಲೆ ಹಚ್ಚಿದ್ದು ಯಾರಾದ್ರೂ ನೋಡಿದೀರಾ? ಆಫೀಸಿದೆ, ಒಬ್ಬರೂ ಕೆಲಸ ಮಾಡಲ್ಲ. ಕೈಗೆ ಕೆಲಸ ಇಲ್ಲದವರು ಹೊಂಚು ಹಾಕದೆ ಇನ್ನೇನು ಮಾಡ್ತಾರೆ?” ಎನ್ನುವಳು. ಹಾಸ್ಯದ ಕಾರ್ಯಕ್ರಮಗಳ ಮೇಲಂತೂ ಇನ್ನೂ ಸಿಟ್ಟು. “ಜೋಕು ಬಾಯಿಂದ ಬೀಳೋಕೆ ಮುಂಚೆನೇ ಹಿಂದಿನಿಂದ ನಗು ಬರುತ್ತೆ. ಉಣ್ಣೋಕೆ ಮುಂಚೆ ತೇಗಿದ ಹಾಗೆ.” ಹಾಸ್ಯದಲ್ಲಿ ಅವಳು ಪಾಸು ಮಾಡಿದ್ದು ಒಂದನ್ನೇ, ಒಬ್ಬ ಮುದುಕ ಮತ್ತು ಅವನ ನಾಯಿಯ ಕಥೆ. ಅದರಲ್ಲಿ ಸುಳ್ಳು ನಗು ತುಂಬಿರಲಿಲ್ಲ.

ಆದರೆ ಅವಳ ದೊಡ್ಡ ತೀರ್ಪು ಒಂದೇ. ಎಲ್ಲ ಉದ್ದದ ಧಾರಾವಾಹಿಗಳೂ ಯಾರೋ ಒಬ್ಬರು ನುಂಗಿಕೊಂಡ ಒಂದು ಮಾತಿನ ಮೇಲೆ ನಿಂತಿವೆ ಎಂಬುದು. ಆಗ ನಡೆಯುತ್ತಿದ್ದ ಧಾರಾವಾಹಿಯಲ್ಲಿ ಕೆಲಸ ಕಳೆದುಕೊಂಡ ಗಂಡನೊಬ್ಬ ಮನೆಯವರಿಗೆ ಹೇಳದೆ, ದಿನಾ ಚೀಲ ಹಿಡಿದು ಹೊರಟು ಪಾರ್ಕಿನಲ್ಲಿ ಕೂತು ಬರುತ್ತಿದ್ದ. “ಹೆಂಡ್ತಿ ಹತ್ರ ಒಂದು ಮಾತು ಹೇಳಿದ್ರೆ ಮೊದಲನೇ ದಿನವೇ ಆಗಿಹೋಗ್ತಿತ್ತು. ಬಾಯಿ ಬಿಟ್ಟರೆ ಮುಗಿಯೋ ಕಥೆ” ಎಂದು ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

ಹಾಗೆ ಹೇಳುವವಳ ಎದೆಯಲ್ಲೇ ನುಂಗಿಕೊಂಡ ಮಾತೊಂದಿತ್ತು. ಅವಳಿಗೆ ಮುಖಗಳು ಕಾಣುತ್ತಿರಲಿಲ್ಲ. ಕೂದಲು ಕಾಣುತ್ತಿತ್ತು, ಭುಜ ಕಾಣುತ್ತಿತ್ತು. ನಡುವೆ ಮಾತ್ರ ಯಾರೋ ಒದ್ದೆ ಹೆಬ್ಬೆರಳಿನಿಂದ ಒರೆಸಿಬಿಟ್ಟಂತೆ. ದಾರ ತರುತ್ತೇನೆಂದು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. “ಇದು ಪೊರೆ ಅಲ್ಲಮ್ಮ, ತೆಗೆದುಹಾಕೋಕೆ. ನೋಟದ ನಡುಭಾಗ ಸವೆದಿದೆ. ಅಂಚು ಉಳ್ಕೊಳ್ಳುತ್ತೆ” ಎಂದಿದ್ದರು ಅವರು. ದಾರ ತರುವುದು ಮರೆತೇಹೋಗಿತ್ತು.

ಅವಳ ಭಯವೆಲ್ಲ ಅಂಗಡಿ ಬಾಗಿಲ ಪಕ್ಕದ ಸ್ಟೂಲಿನದು. ಬೆರಳು ಸೆಟೆದುಕೊಂಡ ಮೇಲೆ ಅವಳ ಅತ್ತೆಯನ್ನು ಅಲ್ಲಿ ಕೂರಿಸಿದ್ದರು. ಗೌರವದಿಂದಲೇ ಕೂರಿಸಿದ್ದು. ಮೊದಮೊದಲು ಹತ್ತಿ ಎಷ್ಟು ತುಂಬಬೇಕೆಂದು ಕೇಳುತ್ತಿದ್ದರು, ಆಮೇಲೆ ಟೀ ಬೇಕೇ ಎಂದು ಕೇಳುತ್ತಿದ್ದರು, ಕೊನೆಗೆ ಕೇಳುವುದನ್ನೇ ಬಿಟ್ಟರು. ಸ್ಟೂಲಿನ ಧೂಳು ಹೊಡೆಯುವಾಗ ಮುದುಕಿಯ ಧೂಳನ್ನೂ ಹೊಡೆದ ಹಾಗೆ ಕಾಣುತ್ತಿತ್ತು. ಅತ್ತೆ ತೀರಿಕೊಂಡರೂ ಸ್ಟೂಲು ಅಲ್ಲೇ ಇತ್ತು. ಹಾಸಿಗೆ ಹೊಲಿಯುವ ದಬ್ಬಳ ಕೈಬಿಟ್ಟರೆ ತನ್ನ ಮುಂದಿನ ಜಾಗ ಅದೇ ಎಂದು ತೀರ್ಪಿನಕ್ಕನಿಗೆ ಗೊತ್ತಿತ್ತು.

ಹಾಸಿಗೆ ಹೊಲಿಯುವುದು ಇಬ್ಬರ ಕೆಲಸ. ಹತ್ತಿ ತುಂಬಿದ ಹಾಸಿಗೆಯನ್ನು ಮರದ ಚೌಕಟ್ಟಿಗೆ ಕಟ್ಟಿ ಗೋಡೆಯಂತೆ ನಿಲ್ಲಿಸುತ್ತಾರೆ. ಈಚೆ ಬದಿ ತೀರ್ಪಿನಕ್ಕ, ಆಚೆ ಬದಿ ಅವಳ ವಾರಗಿತ್ತಿ, ಮೈದುನನ ಹೆಂಡತಿ. ಉದ್ದನೆಯ ದಬ್ಬಳವನ್ನು ಒಬ್ಬಳು ಚುಚ್ಚಿ ದೂಡಿದರೆ ಇನ್ನೊಬ್ಬಳು ಎಳೆದುಕೊಂಡು, ಬೆರಳಗಲ ಬಿಟ್ಟು ವಾಪಸು ಚುಚ್ಚಬೇಕು. ನಡುವೆ ಹತ್ತಿಯ ಗೋಡೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಇಬ್ಬರಿಗೂ ಕಾಣುವುದು ಪಕ್ಕದ ಗೋಡೆಯ ಎತ್ತರದ ಹಲಗೆಯಲ್ಲಿದ್ದ ಟಿವಿ ಮಾತ್ರ. ರಾತ್ರಿಯ ಕಥೆಗಳನ್ನೇ ಮಧ್ಯಾಹ್ನ ಮತ್ತೆ ಹಾಕುತ್ತಿದ್ದರು.

ಕಿರಿಯವಳಿಗೆ ಈಚೆಗೆ ಎರಡು ಕೆಟ್ಟ ಚಾಳಿ ಅಂಟಿವೆ ಎಂದು ತೀರ್ಪಿನಕ್ಕನ ದೂರು. ಒಂದು, ಟಿವಿಯ ಜೊತೆ ಮಾತಾಡುವುದು. “ಹಾಂ, ಬಂದಳು ನೋಡಿ, ಮುಖ ಗಂಟು ಹಾಕ್ಕೊಂಡು. ಬಾಗಿಲ ಸಂದೀಲಿ ನಿಂತು ಕೇಳಿಸ್ಕೋತಾಳೆ, ಹಾಳಾದವಳು.” ಇನ್ನೊಂದು, ದಬ್ಬಳ ಚುಚ್ಚುವ ಮುಂಚೆ ಬಟ್ಟೆಯ ಮೇಲೆ ಬೆರಳಿನಿಂದ ಟಪಟಪ ಬಡಿಯುವುದು.

“ಏನೇ ಅದು, ನೆಂಟರು ಬಾಗಿಲು ತಟ್ಟಿದ ಹಾಗೆ?”

“ಕೈ ಚಟ ಅಕ್ಕ, ಬಿಡಿ.”

ಹೀಗಿರುವಾಗ ಒಂದು ದಿನ ಎದುರಿನ ಕ್ಷೌರದಂಗಡಿಯವನು ಜೇಬಿನಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡೇ ಬಂದ.

“ತೀರ್ಪಿನಕ್ಕ, ನಿನ್ನೆ ಮುದುಕನ ಕಥೆ ನೋಡಿದ್ರಾ? ಕೊನೇ ದೃಶ್ಯ ಹೇಗಿತ್ತು?”

ಹಿಂದಿನ ಮಧ್ಯಾಹ್ನ ಕಿರಿಯವಳು ಗಂಡನ ಜೊತೆ ಹಾಸಿಗೆ ತಲುಪಿಸಲು ಹೋಗಿದ್ದಳು. ತೀರ್ಪಿನಕ್ಕ ಒಬ್ಬಳೇ ಕೂತು ಕೇಳಿದ್ದಳು. ಕೊನೆಯಲ್ಲಿ ಮಾತೇ ಇರಲಿಲ್ಲ, ಕರುಳು ಹಿಂಡುವ ಪಿಟೀಲು ಮಾತ್ರ. ಸಂಜೆ ವಾಪಸಾದ ಕಿರಿಯವಳ ಹತ್ತಿರ ಆ ಪಿಟೀಲಿನ ಬಗ್ಗೆ ಗೊಣಗಿಯೂ ಇದ್ದಳು.

“ಚೆನ್ನಾಗಿತ್ತು. ಆದ್ರೆ ಅಷ್ಟು ಅಳು ಬೇಕಿರಲಿಲ್ಲ” ಎಂದಳು ಗತ್ತಿನಿಂದ.

“ಅಳಾ? ಯಾರಕ್ಕ ಅತ್ತಿದ್ದು? ಮುದುಕನ ಹಲ್ಲಿನ ಸೆಟ್ಟು ನಾಯಿ ಬಾಯಲ್ಲಿತ್ತು. ನಾಯಿ ಹಲ್ಲು ಕಿರಿದು ನಿಂತಿತ್ತು, ಮುದುಕ ಬೊಚ್ಚು ಬಾಯಿ ಬಿಟ್ಕೊಂಡು ಅದನ್ನೇ ನೋಡ್ತಿದ್ದ. ನನ್ನ ಗಿರಾಕಿ ನಕ್ಕ ರಭಸಕ್ಕೆ ಅವನ ಮೀಸೆ ಒಂದು ಕಡೆ ಹೋಗ್ತಿತ್ತು.”

ಆಚೆ ಬದಿಯಿಂದ ಕಿರಿಯವಳು ತಕ್ಷಣ ಎಂದಳು: “ಅಕ್ಕ ಹೇಳಿದ್ದು ಪಿಟೀಲಿನ ಅಳು. ನಾಯಿ ನಗ್ತಿರುವಾಗ ಪಿಟೀಲು ಯಾಕಪ್ಪ ಅಳಬೇಕು? ನಿನಗೆ ಕತ್ತರಿ ಶಬ್ದ ಬಿಟ್ಟು ಬೇರೇನಾದ್ರೂ ಕೇಳಿಸುತ್ತಾ?”

“ಓ, ಹಾಗಾ” ಎಂದು ಅವನು ತಲೆ ಕೆರೆದುಕೊಂಡು ಹೋದ. ತೀರ್ಪು ಉಳಿಯಿತು. ಆದರೆ ತೀರ್ಪಿನಕ್ಕನ ನೆಮ್ಮದಿ ಹೋಯಿತು. ನಿನ್ನೆ ಅಂಗಡಿಯಲ್ಲೇ ಇಲ್ಲದವಳು, ದೃಶ್ಯ ನೋಡದವಳು, ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನ ಮಾತಿಗೆ ತೇಪೆ ಹಾಕಿದ್ದು ಹೇಗೆ? ತೂತು ಎಲ್ಲಿದೆಯೆಂದು ಗೊತ್ತಿದ್ದವರು ತಾನೇ ತೇಪೆ ಹಿಡಿದು ಕಾಯುವುದು?

ಮತ್ತೆ ಕೆಲಸ ಹಿಡಿದರು. ಟಪಟಪ ಸದ್ದಾಯಿತು, ಸದ್ದಾದ ಕಡೆಯೇ ದಬ್ಬಳದ ಮೊನೆ ಹೊರಬಂತು. ಇನ್ನೊಮ್ಮೆ ಟಪಟಪ, ಅಲ್ಲೇ ಮೊನೆ. ತೀರ್ಪಿನಕ್ಕ ತನ್ನ ಅಂಗೈ ಸವರಿಕೊಂಡಳು. ಹಿಂದೊಮ್ಮೆ ಅಲ್ಲಿ ದಬ್ಬಳ ಚುಚ್ಚಿ ಗಾಯವಾಗಿತ್ತು. ಆಮೇಲೆ ಒಂದು ಸಲವೂ ಚುಚ್ಚಿರಲಿಲ್ಲ. ತನ್ನ ಕೈ ಪಳಗಿತು ಎಂದುಕೊಂಡಿದ್ದಳು.

ಟಿವಿಯಲ್ಲಿ ಕೆಲಸ ಕಳೆದುಕೊಂಡ ಗಂಡ ಮನೆಗೆ ಬಂದು, “ಆಫೀಸಲ್ಲಿ ಇವತ್ತು ಉಸಿರಾಡೋಕೂ ಬಿಡುವಿಲ್ಲ” ಎನ್ನುತ್ತಿದ್ದ.

“ಹೆಂಡ್ತಿ ಬಟ್ಟಲು ಹಿಡ್ಕೊಂಡು ಅವನ ಮುಖವನ್ನೇ ನೋಡ್ತಿದಾಳೆ” ಎಂದಳು ಕಿರಿಯವಳು. ಆಮೇಲೆ ಮೆಲ್ಲಗೆ, “ಹೇಳ್ಬಿಡಪ್ಪ. ನಿನ್ನ ಗಂಟೇನು ಹೋಗುತ್ತೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೀರ್ಪಿನಕ್ಕ ದಬ್ಬಳವನ್ನು ಮಡಿಲಲ್ಲಿಟ್ಟುಕೊಂಡಳು. ಆಚೆ ಬದಿ ಕಾದು ಕಾದು ಕೇಳಿತು: “ಯಾಕಕ್ಕ, ದಾರ ತುಂಡಾಯ್ತಾ?”

“ಇಲ್ಲ.” ಅವಳು ಹತ್ತಿಯ ಗೋಡೆಗೆ ಹೇಳಿದಳು: “ನಂಗೆ ಮುಖ ಕಾಣಲ್ಲ ಕಣೇ. ಯಾರದ್ದೂ.”

ಟಿವಿಯ ಸದ್ದು ನಿಂತಿತು. ಕಿರಿಯವಳೇ ಆರಿಸಿದ್ದಳು.

“ನಿನಗೆ ಯಾವಾಗಿಂದ ಗೊತ್ತು?”

“ದಿಂಬಿನ ಜೊತೆ ನನ್ನ ರವಿಕೆ ತೋಳನ್ನೂ ಸೇರಿಸಿ ಹೊಲಿದ್ರಲ್ಲ, ಆವಾಗಿಂದ.”

“ಮತ್ತೆ ಬಾಯಿ ಬಿಡೋಕೆ ಏನಾಗಿತ್ತು?”

“ನಾನು ಹೇಳಿದ್ರೆ, ಇವಳು ನನ್ನನ್ನ ಸ್ಟೂಲಿಗೆ ಸಾಗಹಾಕ್ತಾಳೆ ಅಂದ್ಕೋತಿದ್ರಿ. ನೀವೇ ಹೇಳ್ಲಿ ಅಂತ ಕೂತೆ. ಗಂಟಲು ಹರಿದುಹೋಯ್ತು ನಂಗೆ, ಆ ಅತ್ತೆ ಬಂದಳು ಈ ಸೊಸೆ ಹೋದಳು ಅಂತ ಕೂಗಿ ಕೂಗಿ.”

ತೀರ್ಪಿನಕ್ಕನಿಗೆ ಅಳುವೂ ಬಂತು, ನಗುವೂ ಬಂತು. “ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತಂತೆ” ಎಂದಳು. “ಧಾರಾವಾಹಿಯವರನ್ನ ಬೈತಿದ್ದೆ. ನಾವಿಬ್ರೂ ಅವರಿಗಿಂತ ಉದ್ದ ಎಳೆದ್ವಲ್ಲೇ.”

ಸಂಜೆ ಮೈದುನ ಬಂದಾಗ ಅವಳೇ ಹೇಳಿದಳು. ಮಾತು ಮುಗಿಯುವ ಮುಂಚೆ ಅವನ ಹೆಂಡತಿ ಸೇರಿಸಿದಳು: “ಇನ್ಮೇಲೆ ಅಳತೆ ನೋಡಿ ಚುಚ್ಚೋದು ನಾನು. ಎಳೆದು ಗಂಟು ಹಾಕೋದು ಅಕ್ಕ. ಅವರ ಗಂಟು ನಂಗೆ ಈ ಜನ್ಮಕ್ಕೆ ಬರಲ್ಲ.”

ಅವನು ಎದ್ದು ಬಾಗಿಲ ಕಡೆ ಹೋದ. ಸ್ಟೂಲು ಎಳೆದ ಸದ್ದಾಯಿತು. ತೀರ್ಪಿನಕ್ಕ ಸೆರಗು ಸರಿಮಾಡಿಕೊಂಡು ಏಳಲು ಹೊರಟಳು. ಅವನು ಸ್ಟೂಲನ್ನು ಒಳಗೆ ಹೊತ್ತು ತಂದು ಅವಳ ಮಗ್ಗುಲಲ್ಲಿ ಇಟ್ಟ. ಆಮೇಲೆ ಹಲಗೆಯಿಂದ ಟಿವಿಯನ್ನು ಇಳಿಸಿ, ಚೌಕಟ್ಟಿನ ಆಚೆ ಬದಿಗೂ ಕಾಣುವ ಹಾಗೆ ಸ್ಟೂಲಿನ ಮೇಲೆ ಕೂರಿಸಿದ.

“ಹತ್ತಿರ ಇದ್ರೆ ಅಂಚಿಂದಾದ್ರೂ ಕಾಣ್ಲಿ, ಅತ್ತಿಗೆ” ಎಂದ.

ಮರುದಿನ ಕ್ಷೌರದಂಗಡಿಯವನಿಗೂ ಅವಳು ಮುಚ್ಚುಮರೆ ಮಾಡಲಿಲ್ಲ. ಅವನು ಪಾಪ ಎನ್ನುವುದೋ ಬೇಡವೋ ತಿಳಿಯದೆ ನಿಂತ. ಕೊನೆಗೆ, “ಹಾಗಾದ್ರೆ ಹೊಸ ಧಾರಾವಾಹಿ ನೋಡ್ಬಹುದಾ ಅಕ್ಕ?” ಎಂದು ಕೇಳಿದ.

“ತಡಿ, ಇನ್ನೂ ವಿಚಾರಣೆ ನಡೀತಿದೆ” ಎಂದು ಅವಳು ಹತ್ತಿಯ ಗೋಡೆಯ ಕಡೆ ತಿರುಗಿದಳು. “ಏನು ಮಾಡ್ತಿದಾಳೆ ಆ ಹುಡುಗಿ?”

“ಹಸಿರು ಬಟ್ಟೆ ಹಾಕ್ಕೊಂಡು ಕಿಟಕಿ ಹತ್ರ ನಿಂತಿದಾಳೆ.”

“ಬಟ್ಟೆ ಬಣ್ಣ ಕಟ್ಕೊಂಡು ನಂಗೇನಾಗ್ಬೇಕೇ. ಹೇಗೆ ನಿಂತಿದಾಳೆ, ಅದನ್ನ ಹೇಳು.”