ಯಮುನೆಗೆ ಬಿಟ್ಟ ತ್ರಿಕೋನ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡು, ಪ್ರತಿ ಸಲವೂ ಮುಂದೂಡಿದ್ದೇನೆ. ಊರು ಬಿಟ್ಟು ಬಂದು ನೆಲೆಸಿದ, ಯಮುನೆಯ ದಡದ ಲಕ್ಷ್ಮೀ ನಗರದಲ್ಲಿ ನಮ್ಮ ಹೋಟೆಲು, ಅದರ ಮೇಲೆಯೇ ಮನೆ. ನನ್ನದು ಹೈಸ್ಕೂಲಿನ ಓದು. ಸೊಸೆ ಚಿತ್ರ ಬರೆಯುವವಳು.

ಒಂದು ಪ್ರದರ್ಶನದ ಆಯ್ಕೆಗೆಂದು ಅವಳು ಮರದ ಹಲಗೆಯೊಂದರ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಿದ್ದಳು. ಕೆಳಗೆ ದೊಡ್ಡ ಕಪ್ಪು ಚೌಕ, ಅದರ ಮೇಲೆ ವಾಲಿದ ಕೆಂಪು ತ್ರಿಕೋನ, ಪಕ್ಕದಲ್ಲಿ ತೆಳು ಹಳದಿ ಗೆರೆ. ಒಣಗಲೆಂದು ಅದನ್ನು ಗಲ್ಲಾದ ಹಿಂದಿನ ಗೋಡೆಗೆ ಒರಗಿಸಿದ್ದಳು.

“ಇದೇನಮ್ಮಾ, ಮನೆಯಾ, ಗುಡ್ಡವಾ?”

“ಏನೂ ಅಲ್ಲ ಮಾವ. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಕೆಲವರು ಹೀಗೆ ಬರೆಯೋಕೆ ಶುರುಮಾಡಿದ್ರು. ಮರ, ಮನುಷ್ಯ ಯಾವುದೂ ಬೇಡ ಅಂತ. ಯಾವುದು ಭಾರ, ಯಾವುದು ಹಗುರ, ಯಾವುದು ಜಾರ್ತಿದೆ, ಅಷ್ಟೇ ನೋಡಿ.”

“ಅಚ್ಛಾ” ಎಂದೆ. ನೋಡಲಿಲ್ಲ.

ಆ ವಾರ ಗ್ರೈಂಡರಿನ ಮೋಟಾರು ಸುಟ್ಟಿತು. ಅಡುಗೆ ಭಟ್ಟರ ಕೈಮೇಲೆ ಕಾದ ಎಣ್ಣೆ ಬಿತ್ತು. ನಮ್ಮ ಕರಾವಳಿಯಲ್ಲಿ ಮಾಟದ ತಗಡುಗಳ ಮೇಲೆ ಇಂಥದೇ ಚೌಕ, ತ್ರಿಕೋನ ಕೊರೆದಿರುತ್ತಾರೆ. ಚಿಕ್ಕಂದಿನಲ್ಲಿ ನಮ್ಮ ದನದ ಹಟ್ಟಿಯಲ್ಲಿ ಅಂಥದೊಂದು ಸಿಕ್ಕಾಗ ಅಜ್ಜಿ ಹೊಳೆಗೆ ಬಿಡಿಸಿದ್ದರು. ಗಲ್ಲಾದಲ್ಲಿ ಕುಳಿತರೆ ಆ ಕೆಂಪು ಮೊನೆ ಬೆನ್ನಿಗೆ ಚುಚ್ಚಿದಂತಾಗುತ್ತಿತ್ತು.

ಹಲಗೆಯನ್ನು ಆಯ್ಕೆಗೆ ಒಪ್ಪಿಸಬೇಕಾದ ದಿನದ ಹಿಂದಿನ ಬೆಳಿಗ್ಗೆ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಆಟೋ ಹತ್ತಿದೆ.

“ಪೂಜಾ ಕಾ ಸಾಮಾನ್ ಹೈ, ಅಂಕಲ್?” ಎಂದು ಆಟೋದವನು ಕೇಳಿದ.

“ಹಾಂ ಭಯ್ಯಾ” ಎಂದೆ. ಹಲಗೆಗೆ ಕಲ್ಲು ಕಟ್ಟಿ ಯಮುನೆಯಲ್ಲಿ ಮುಳುಗಿಸಿ ಬಂದೆ.

ಮಧ್ಯಾಹ್ನ ಅವಳು ಅಕ್ಕಿ ಮೂಟೆಗಳನ್ನೂ ಸರಿಸಿ ಹುಡುಕಿದಳು. “ಅರೇ ಯಾರ್, ನೀನೇ ಎಲ್ಲೋ ಇಟ್ಟು ಮರೆತಿರ್ತೀಯ” ಎಂದ ಮಗ. ಅವಳು ನನ್ನ ಕಡೆ ತಿರುಗಿದಳು.

“ಮಾವ, ನೀವು ಇಲ್ಲೇ ಇದ್ರಲ್ಲ. ಯಾರಾದ್ರೂ ಎತ್ಕೊಂಡು ಹೋಗಿದ್ದು ನೋಡಿದ್ರಾ?”

ಗಿರಾಕಿಗೆ ಬಿಲ್ಲು ಹರಿದುಕೊಡುತ್ತ “ಇಲ್ಲಮ್ಮ” ಎಂದೆ.

“ಹಾಗಾದ್ರೆ ನನ್ನದೇ ತಪ್ಪು. ಮೇಲೆ ಇಟ್ಕೋಬೇಕಿತ್ತು.”

ಆಯ್ಕೆಯ ದಿನ ಕಳೆಯಿತು. ಆಮೇಲೆ ಅವಳು ಘಾಜಿಯಾಬಾದಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸಲು ಸೇರಿದಳು. ಪ್ರದರ್ಶನಕ್ಕೆಂದು ಮತ್ತೆ ಬರೆಯಲಿಲ್ಲ.

ಹೋದ ಚಳಿಗಾಲದಲ್ಲಿ ಅವಳೇ ನನ್ನನ್ನು ಒಂದು ಚಿತ್ರಶಾಲೆಗೆ ಕರೆದೊಯ್ದಳು. ಒಂದು ಹಳೆಯ ಚಿತ್ರದ ಮುಂದೆ ಕಾಲು ನಿಂತಿತು. ಬೂದು ಬಣ್ಣದ ವೃತ್ತವೊಂದು ಅಂಚಿಗೆ ಬಂದು ನಿಂತಿತ್ತು; ಒಂದೇ ಒಂದು ನೀಲಿ ಪಟ್ಟಿ ಅದನ್ನು ತಡೆದಿತ್ತು. ಪಟ್ಟಿ ತೆಗೆದರೆ ಎಲ್ಲವೂ ಉರುಳುತ್ತದೆ ಎನಿಸಿ, ಹಿಡಿಯುವವನಂತೆ ಕೈ ಚಾಚಿದೆ.

“ಕಾಣಿಸ್ತಾ ಮಾವ?” ಅವಳ ಮುಖ ಅರಳಿತ್ತು.

ಬಾಯಿಗೆ ಬಂದದ್ದನ್ನು ನುಂಗಿ “ಚಲೋ, ಹೊರಡೋಣ, ತಡವಾಯಿತು” ಎಂದೆ.

ಹೆಂಡತಿಗೆ ಹೇಳಿದ್ದೇನೆ. ದೇವರಿಗೆ ತಪ್ಪುಕಾಣಿಕೆ ಹಾಕಿದ್ದೇನೆ. ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನೇ, ನನ್ನ ಸೊಸೆಯನ್ನು.