ಅಕ್ಕ ನೀರು ಕುಡಿಯದ ಕಾರಣ

ನಾನು ಹಿಂದೂಪುರದ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ರಿಟೈರ್ ಆದವನು. ಈಗಲೂ ಬೆಳಗ್ಗೆ ಐದೂವರೆಗೆ ಎದ್ದು ಮೈದಾನವನ್ನು ಆರು ಸುತ್ತು ಹಾಕುತ್ತೇನೆ. ಉಪ್ಪು ಕಮ್ಮಿ, ಸಂಜೆ ಏಳಕ್ಕೇ ಮುದ್ದೆ. ಇದನ್ನೆಲ್ಲ ಕಂಡವರಿಗೆ ಬೋಧಿಸುವ ಚಾಳಿಯೂ ಇದೆ. ಹೆಚ್ಚು ಬೋಧಿಸಿಕೊಂಡವಳು ಕಲ್ಯಾಣದುರ್ಗದಲ್ಲಿರುವ ನನ್ನ ಅಕ್ಕ.

ಅಕ್ಕನಿಗೆ ಎಪ್ಪತ್ತೆರಡು. ಮಗ ಸೊಸೆಯ ಜೊತೆ ಇದ್ದಾಳೆ. ಅವರು ಬೇಡವೆಂದರೂ ಮಾರ್ಕೆಟ್ ಬೀದಿಯ ಮೂಲೆಯಲ್ಲಿ ಹೂವು ಮಾರುವುದನ್ನು ಬಿಟ್ಟಿಲ್ಲ. ಬೆಳಗ್ಗೆ ಏಳಕ್ಕೆ ಕೂತರೆ ಏಳುವುದು ಮಧ್ಯಾಹ್ನ ಎರಡಕ್ಕೆ. ಬಿಪಿ ಬಂದು ಕೆಲವು ವರ್ಷವಾಗಿತ್ತು. ನಾನು ಫೋನ್ ಮಾಡಿದಾಗಲೆಲ್ಲ ಮಾತ್ರೆ ತಗೊಂಡ್ಯಾ ಎಂದು ಕೇಳುತ್ತಿದ್ದೆ. "ತಗೊಂಡೆ ಕಣಪ್ಪ" ಎನ್ನುತ್ತಿದ್ದಳು. ಅಲ್ಲಿಗೆ ನನ್ನ ಕರ್ತವ್ಯ ಮುಗಿಯುತ್ತಿತ್ತು.

ಹೋದ ಬೇಸಿಗೆಯಲ್ಲಿ ಒಂದು ದಿನ ಅವಳು ಕೂತಲ್ಲೇ ಪಕ್ಕಕ್ಕೆ ವಾಲಿ ಬಿದ್ದಳು. ಅಳಿಯ ಫೋನ್ ಮಾಡಿದ. ಅಕ್ಕನ ಮಗನನ್ನು ನಾನು ಅಳಿಯ ಎಂದೇ ಕರೆಯುವುದು. ಬಸ್ ಹಿಡಿದು ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಗ್ಲೂಕೋಸ್ ಇಳಿಯುತ್ತಿತ್ತು. ಮೈಯಲ್ಲಿ ನೀರೇ ಇಲ್ಲ, ಬಿಪಿ ಬೇರೆ ಏರಿದೆ ಎಂದರು ಡಾಕ್ಟರು. ಸೊಸೆ ಮನೆಯಿಂದ ಮಾತ್ರೆಯ ಡಬ್ಬಿ ತಂದಳು. ಎರಡು ತಿಂಗಳ ಹಿಂದೆ ತಂದ ಮಾತ್ರೆಗಳು ಹೆಚ್ಚುಕಡಿಮೆ ಹಾಗೇ ಇದ್ದವು.

ನಾನು ವಾರ್ಡಿನಲ್ಲೇ ಗದರಿದೆ. ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು.

"ಸಾರ್, ಒಂಚೂರು ಆಚೆ ಇರಿ" ಎಂದು ನರ್ಸಮ್ಮ ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ. ಒಳಗಿನ ಮಾತು ಕೇಳಿಸುತ್ತಿತ್ತು.

"ಯಾಕವ್ವಾ, ಮಾತ್ರೆ ಕಹಿನಾ?"

"ಕಹಿ ಅಲ್ಲ ಕಣಮ್ಮ. ಅದು ನುಂಗಿದ್ರೆ ಗಂಟೆಗೆರಡು ಸಲ ಒಂದಕ್ಕೆ ಹೋಗ್ಬೇಕು. ಬಾತ್ರೂಮು ದೂರ, ಮಂಡಿ ನಡ್ಯಾಕೆ ಬಿಡಾಕಿಲ್ಲ. ಗಂಡಸ್ರಾದ್ರೆ ಎಲ್ಲಾದ್ರೂ ಗೋಡೆ ಕಡೆ ತಿರೀಕ್ಕಂತಾರೆ. ಅದ್ಕೇ ಯಾಪಾರ ಇಲ್ದಿದ್ ದಿನ ಮಾತ್ರ ನುಂಗ್ತೀನಿ. ನೀರೂ ಅಷ್ಟೇ, ಮನೆಗೆ ಹೋದ್ಮೇಲೆ."

"ಮನೇಲಿ ಹೇಳ್ಬೇಕಾಗಿತ್ತಲ್ಲ?"

"ಮಗನತ್ರ, ತಮ್ಮನತ್ರ ಇದ್ನ ಹೆಂಗೆ ಹೇಳಾದು?"

ನಾನು ಬೆಂಚಿನಿಂದ ಏಳಲಿಲ್ಲ. ಇಷ್ಟು ವರ್ಷ ನಾನು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಹೌದು ಎನ್ನುವುದು ಸುಲಭವಿತ್ತು.

ನರ್ಸಮ್ಮ ವಿಷಯ ತಿಳಿಸಿದ ಮೇಲೆ ಡಾಕ್ಟರು ಆ ಮಾತ್ರೆ ನಿಲ್ಲಿಸಿ ಬೇರೆ ಬರೆದುಕೊಟ್ಟರು. ನರ್ಸಮ್ಮ ಅಷ್ಟಕ್ಕೆ ಬಿಡಲಿಲ್ಲ. ನೀನು ಕೂರುವ ಕಡೆ ಯಾರ ಅಂಗಡಿಯಿದೆ ಎಂದು ವಿಚಾರಿಸಿದರು. ಎದುರಿಗೇ ಒಬ್ಬ ಹೆಂಗಸಿನ ಟೈಲರ್ ಅಂಗಡಿ, ಹಿಂದುಗಡೆ ಬಾತ್ರೂಮೂ ಇದೆ. ಅಕ್ಕ ಬಾಯಿಬಿಟ್ಟು ಕೇಳಿರಲಿಲ್ಲ.

ಮನೆಗೆ ಬಂದ ನಾಲ್ಕನೇ ದಿನ ಅವಳೇ ಹೋಗಿ ಕೇಳಿದಳು. ನಾನು ಜೊತೆಗೆ ಹೋದೆನಾದರೂ ದೂರದಲ್ಲೇ ನಿಂತೆ. ಟೈಲರಮ್ಮ ಮೆಷಿನ್ ನಿಲ್ಲಿಸಿ, "ಇನ್ನಾಳ್ಳು ಎಂದುಕು ಅಡಗಲೇದವ್ವಾ?" ಎಂದು ತೆಲುಗಿನಲ್ಲಿ ಬೈದಳು. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂಬ ಆ ಬೈಗುಳಕ್ಕೆ ಅಕ್ಕ ನಕ್ಕುಬಿಟ್ಟಳು.

ಹಿಂದೂಪುರಕ್ಕೆ ಮರಳಿದ ಮೇಲೆ ಇದನ್ನು ಹೆಂಡತಿಗೆ ಹೇಳಿದೆ. ಅವಳು ಹುರಳಿಕಾಯಿ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇದ್ರಲ್ಲಿ ಹೊಸದೇನೈತೆ? ಗೋರಂಟ್ಲಕ್ಕೆ ಬಸ್ಸಲ್ಲಿ ಹೋಗೋ ದಿನ ನಾನೂ ಬೆಳಗ್ಗೆಯಿಂದ ಕಾಫಿ ಮುಟ್ಟಲ್ಲ."

ಗೋರಂಟ್ಲ ಅವಳ ತವರು. ಮೂವತ್ತೈದು ವರ್ಷದಿಂದ ಹೋಗಿಬರುತ್ತಿದ್ದೇವೆ. ಎಷ್ಟೋ ಸಲ ದಾರಿಯಲ್ಲಿ ನಾನು ನೀರಿನ ಬಾಟಲಿ ಚಾಚಿದ್ದೇನೆ, ಅವಳು ಬೇಡ ಎಂದಿದ್ದಾಳೆ. ಬಾಯಾರಿಕೆಯಿಲ್ಲ ಎಂದುಕೊಂಡಿದ್ದೆ.

ಬೆಳಗಿನ ವಾಕಿಂಗಿನಲ್ಲಿ ಗೆಳೆಯರನ್ನು, ನಿಮ್ಮ ಮನೆಯ ಹೆಂಗಸರೂ ಹೊರಗೆ ಹೋಗುವಾಗ ಹೀಗೆ ನೀರು ಕುಡಿಯುವುದನ್ನು ಬಿಡುತ್ತಾರಾ ಎಂದು ಕೇಳಿದೆ. ಒಬ್ಬಿಬ್ಬರು ನಕ್ಕರು, ಒಬ್ಬರು ಮನೆಯಲ್ಲಿ ವಿಚಾರಿಸುತ್ತೇನೆಂದರು. ಮಾರನೆಯ ದಿನ ಅವರು ಆ ಮಾತೆತ್ತಲಿಲ್ಲ, ನಾನೂ ಕೆದಕಲಿಲ್ಲ.

ಅಕ್ಕ ಈಗಲೂ ಹೂವು ಮಾರುತ್ತಾಳೆ. ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಳ್ಳುತ್ತಾಳಂತೆ. ಬಿಪಿ ಮೊದಲಿನಷ್ಟಿಲ್ಲ, ಉಪ್ಪಿನಕಾಯಿಯನ್ನು ಮಾತ್ರ ಬಿಟ್ಟಿಲ್ಲ.