ಮದ್ದು ಕೊಡದ ಡಾಕ್ಟರು

ಬಾಯಿ ಮುಚ್ಚಿಕೊಂಡು ಕೂತ ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬಸ್ಸಿನಲ್ಲಿ ಪಕ್ಕದವನು ಹಳಿಯಾಳ ದಾಟಿದರೂ ‘ಯಾವೂರ್ರಿ?’ ಎಂದು ಕೇಳದಿದ್ದರೆ, ಕೈಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳುವವನು ನಾನು. ಅಂಥವನು ನಲವತ್ತು ದಾಟಿದ ಮೇಲೆ, ಸುಮ್ಮನೆ ಕೂರುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಡಾಕ್ಟರ ಎದುರು ವಾರವಾರವೂ ಹೋಗಿ ಕೂತೆನೆಂದರೆ ನೀವು ನಂಬಲಿಕ್ಕಿಲ್ಲ.

ಆಗ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇನ್ನೂ ಹೊಸದು. ಅಲ್ಲಿ ಗುಮಾಸ್ತನಾಗಿ ಆರಾಮಾಗಿದ್ದ ನನಗೆ ಬಡ್ತಿ ಕೊಟ್ಟು, ಅಣಶಿ ಕಡೆಯ ಕಾಡಿನಲ್ಲಿ ಬಿದಿರು ಕಡಿಸಿ ಲಾರಿಗೆ ಹೇರಿಸುವ ಕೆಲಸಕ್ಕೆ ಹಾಕಿದರು. ಹೋದರೆ ವಾರಗಟ್ಟಲೆ ಅಲ್ಲೇ. ಅದೇ ದಿನಗಳಲ್ಲಿ ತುತ್ತು ನನ್ನ ಗಂಟಲಲ್ಲಿ ನಿಲ್ಲತೊಡಗಿತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಒಳಗೆ ಇಳಿಯದು. ಕಾರ್ಖಾನೆಯ ದವಾಖಾನೆಯಲ್ಲಿ ಗಂಟಲಿಗೆ ಬೆಳಕು ಬಿಟ್ಟು ನೋಡಿದರು, ಹುಬ್ಬಳ್ಳಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು, ಏನೂ ಸಿಗಲಿಲ್ಲ. ನಾನು ಮಾತ್ರ ದಿನದಿನಕ್ಕೆ ಸೊರಗಿ, ಗೂಟಕ್ಕೆ ತೂಗುಹಾಕಿದ ಅಂಗಿಯಂತೆ ಕಾಣತೊಡಗಿದೆ. ಕೊನೆಗೆ ದವಾಖಾನೆಯ ಡಾಕ್ಟರು, “ಧಾರವಾಡದಾಗ ನನ್ನ ಗೆಳೆಯರೊಬ್ರು ಅದಾರ್ರಿ. ಮಾತಿನಿಂದ ವಾಸಿ ಮಾಡ್ತಾರ” ಎಂದರು. ವಾಸಿಯಾಗುವವರೆಗೆ ಕಾಡಿನ ಕೆಲಸ ಬೇಡವೆಂದು ಸಾಹೇಬರಿಗೆ ಚೀಟಿಯನ್ನೂ ಬರೆದರು.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಶಾಂತವ್ವ ಮೊದಲು ಕಿಟಕಿ ಮುಚ್ಚಿದಳು. ಆಮೇಲೆ ಕೇಳಿದಳು: “ಹುಚ್ಚರ ಡಾಕ್ಟರೇನ್ರಿ?”

“ಅಲ್ಲ, ಮಾತಿನ ಡಾಕ್ಟರು.”

“ಮಾತಾಡಾಕ ಧಾರವಾಡಕ್ಕ ಯಾಕ ಹೋಗ್ಬೇಕು? ನಾ ಇಲ್ಲೇನ?”

ಮಾತಿನ ಡಾಕ್ಟರೆಂದರೆ ಅವರೇ ಮಾತಾಡುತ್ತಾರೆ ಎಂದುಕೊಂಡಿದ್ದೆ. ಮೊದಲ ದಿನವೇ ಮೋಸಹೋದೆ. ಅವರು ಹೇಳಿದ್ದು ಇಷ್ಟು: “ಪ್ರತಿ ವಾರ ಇದೇ ದಿನ, ಇದೇ ಹೊತ್ತಿಗೆ ಬರ್ರಿ. ಮನಸಿಗೆ ಏನು ಬರ್ತದೋ ಅದನ್ನ ಹೇಳ್ರಿ, ಸಣ್ಣದಿರಲಿ, ನಾಚಿಕೆದಿರಲಿ. ನಾ ಕಡಿಮಿ ಮಾತಾಡ್ತೀನಿ. ಒಮ್ಮೊಮ್ಮೆ ನನ್ನ ಮ್ಯಾಲೆ ಸಿಟ್ಟು ಬರಬಹುದು, ಅದನ್ನೂ ಹೇಳ್ರಿ. ಇಲ್ಲಿ ಆಡಿದ್ದು ಹೊರಗ ಹೋಗೂದಿಲ್ಲ.” ಹೊರಗೆ ಹೋಗುವುದಿಲ್ಲ ಎಂದು ತಾವಾಗಿಯೇ ಹೇಳಿದರಲ್ಲ, ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಈತ ಕಾರ್ಖಾನೆಯ ಸಾಹೇಬರ ಕಡೆಯವನೇ! ಬಡ್ತಿ ಸಿಕ್ಕವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಒಳಗಿಂದೊಳಗೆ ವಿಚಾರಿಸುತ್ತಿದ್ದಾರೆ.

ಆದ್ದರಿಂದ ಹಲವು ವಾರ ನಾನು ಅವರಿಗೆ ಬಿದಿರಿನ ವಿಷಯವನ್ನೇ ಹೇಳಿದೆ. ಯಾವ ಬಿದಿರು ಗಟ್ಟಿ, ಯಾವುದು ಟೊಳ್ಳು, ಮಳೆಗಾಲದಲ್ಲಿ ಲಾರಿ ಎಲ್ಲಿ ಹೂತುಕೊಳ್ಳುತ್ತದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತ, ತಲೆಯಾಡಿಸುತ್ತ ಕೇಳಿದರು. ಈ ನಡುವೆ ಒಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಬೆಳಗ್ಗೆ ಮಿಂದು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುವುದು ರೂಢಿ. ಯಾರೆದುರೂ ಆಡದ ಮಾತನ್ನು ಅದರೆದುರು ಆಡಿಕೊಳ್ಳುತ್ತೇವೆ. ಅದೂ ಮರುಮಾತು ಕೊಡುವುದಿಲ್ಲ. ಅದರ ಮೇಲೆ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ದೇವರ ಮೌನಕ್ಕೆ ಒಂದು ನ್ಯಾಯ, ಡಾಕ್ಟರ ಮೌನಕ್ಕೆ ಇನ್ನೊಂದು. ಕಾರಣ ಸರಳ: ದೇವರಿಗೆ ಕನ್ನಡಕವಿಲ್ಲ, ಅದರ ಮೇಲಿಂದ ಅವನು ನಮ್ಮನ್ನು ನೋಡುವುದಿಲ್ಲ.

ಹೀಗಿರುವಾಗ ಡಾಕ್ಟರು ಒಂದು ದಿನ, “ಮುಂದಿನ ಎರಡು ವಾರ ನಾ ಇರೂದಿಲ್ರಿ, ಪುಣೆಗೆ ಹೊಂಟೀನಿ” ಎಂದರು. ನನಗೆ ನಿಜವಾಗಿ ಖುಷಿಯಾಗಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು. ದಾಂಡೇಲಿಗೆ ಮರಳುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರನ್ನು ಬೈದೆ. ಅವರು ಹಿಂತಿರುಗಿದ ಮೇಲೆ ಕುರ್ಚಿಯಲ್ಲಿ ಕೂರುವ ಮೊದಲೇ, “ನೀವು ತಿರುಗಿ ಬರೂದಿಲ್ಲಂತ ನನಗ ಗೊತ್ತಿತ್ತು!” ಎಂದು ಕೂಗಿದೆ. ಎದುರಿಗೇ ಇದ್ದ ಮನುಷ್ಯನಿಗೆ!

ಅವರು ನಗಲಿಲ್ಲ. “ಯಾರು ತಿರುಗಿ ಬರಲಿಲ್ರಿ?” ಎಂದರು.

ನನ್ನಪ್ಪ ಬರಲಿಲ್ಲ. ಆತ ಘಟ್ಟದ ಕ್ಯಾಸಲ್‌ರಾಕ್‌ನಲ್ಲಿ ರೈಲು ಹಳಿಯ ಕೆಲಸದಲ್ಲಿದ್ದ. ಅಪರೂಪಕ್ಕೆ ನಮ್ಮೂರು ಸಾಂಬ್ರಾಣಿಯ ಮನೆಗೆ ಬರುತ್ತಿದ್ದ. ಒಮ್ಮೆ ನಾನು ಉಣ್ಣುತ್ತ ಕೂತಾಗ, “ನೀ ಉಂಡು ಮುಗಸು, ಅಷ್ಟರಾಗ ಬಂದೆ” ಎಂದು ತಲೆ ಸವರಿ ಹೊರಟ. ಆಮೇಲೆ ಯಾರನ್ನು ಕೇಳಿದರೂ ‘ಬರ್ತಾನ’ ಎನ್ನುತ್ತಿದ್ದರು. ದೊಡ್ಡವನಾದಂತೆ ಆತ ಸತ್ತಿರಬೇಕೆಂದು ತಿಳಿಯಿತು. ಹೇಗೆ, ಎಲ್ಲಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕೋಣೆಯಲ್ಲಿ ಕೂತು, ತಲೆ ನರೆತ ನಾನು, ಅಂಗಿಯ ತೋಳಿನಿಂದ ಮೂಗೊರೆಸಿಕೊಂಡು ಅತ್ತೆ.

ಆ ವಾರವೇ ಸಾಂಬ್ರಾಣಿಗೆ ಹೋದೆ. ಅವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. “ಅವ್ವಾ, ಅಪ್ಪ ಹೆಂಗ ಸತ್ತ?” ಎಂದೆ.

ಅವಳ ಕೈ ನಿಂತಿತು. “ಚಳಿಜ್ವರ ಬಂದು ಘಟ್ಟದಾಗ ಹೋದ. ಸುದ್ದಿ ಬರೂದ್ರಾಗ ಮಣ್ಣೂ ಮಾಡಿದ್ರು. ನೀ ದಿನಾ ಬಾಗಲಾಗ ಕೂತಿರ್ತಿದ್ದಿ. ಹೆಂಗ ಹೇಳ್ಲಿ ನಾ?” ಒಂದು ಕಾಯಿ ಆರಿಸಿ ಪಕ್ಕಕ್ಕಿಟ್ಟು, “ದೊಡ್ಡವನಾದ ಮ್ಯಾಲೆ ನೀನ ಕೇಳ್ತಿ ಅಂತ ಕಾದೆ. ನೀ ಕೇಳ್ಲೇ ಇಲ್ಲ” ಎಂದಳು. ಇಬ್ಬರೂ ಅಳುವುದಕ್ಕೆ ಮೆಣಸಿನಕಾಯಿಯ ನೆಪ ಇತ್ತು.

ಇದನ್ನೆಲ್ಲ ಡಾಕ್ಟರಿಗೆ ಹೇಳಿ, ನನ್ನ ಕೊನೆಯ ಅನುಮಾನವನ್ನೂ ಮುಂದಿಟ್ಟೆ: “ನನ್ನ ಗಂಟಲಾಗ ನಿಂತಿದ್ದು ಏನಂತ ನಿಮಗ ಮೊದಲ ಗೊತ್ತಿತ್ತು. ಬೇಕಂತ ಸುಮ್ಮನಿದ್ರಿ, ಹೌದಿಲ್ಲೋ?”

“ಇಲ್ರಿ” ಎಂದರು ಅವರು. “ನನಗೂ ಇವತ್ತ ಗೊತ್ತಾತು.”

ಗಂಟಲು ಒಂದೇ ಸಲಕ್ಕೆ ಸರಿಹೋಗಲಿಲ್ಲ. ಮೊದಲು ಅನ್ನ ಇಳಿಯಿತು, ಕೆಲವು ತಿಂಗಳ ಮೇಲೆ ರೊಟ್ಟಿ. ಮತ್ತೆ ಅಣಶಿಗೆ ಹೊರಟ ಬೆಳಗ್ಗೆ ಮಗಳು ನೀಲಾ ಉಪ್ಪಿಟ್ಟು ತಿನ್ನುತ್ತ ಕೂತಿದ್ದಳು. ನಾನು ಅವಳ ಪಕ್ಕ ಕೂತು, ಎಲ್ಲಿಗೆ ಹೋಗುತ್ತೇನೆ, ಯಾವ ಸಂತೆಯ ದಿನ ಬರುತ್ತೇನೆ ಎಂದು ಬಿಡಿಸಿ ಹೇಳಿದೆ. ಅವಳು ಕಣ್ಣು ಕಿರಿದಾಗಿಸಿ ನನ್ನನ್ನು ನೋಡಿದಳು.

“ಬರಲಿಲ್ಲಂದ್ರ?”

“ಏ, ಹೊಂಟಾಗ ಹಂಗ ಅನಬಾರ್ದು!” ಎಂದು ಶಾಂತವ್ವ ಗದರಿದಳು.

“ಕೇಳ್ಲಿ ಬಿಡ” ಎಂದೆ. “ಬರಲಿಲ್ಲಂದ್ರ, ಯಾಕ ಬರಲಿಲ್ಲ ಅಂತ ನಿಮ್ಮವ್ವನ್ನ ಕೇಳು. ಆಕಿ ನಿನಗ ಖರೆ ಹೇಳ್ತಾಳ.”

ನೀಲಾ ನನ್ನ ಮಾತನ್ನು ಅಷ್ಟಕ್ಕೇ ಒಪ್ಪಿಕೊಳ್ಳಲಿಲ್ಲ. ತಿರುಗಿ ತಾಯಿಯ ಮುಖ ನೋಡಿದಳು. ಶಾಂತವ್ವ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಮೆಲ್ಲಗೆ ಹೌದೆಂದು ತಲೆಯಾಡಿಸಿದಳು. ಆಮೇಲೆ ಮಗಳು ನನ್ನ ಕಡೆ ಹೊರಳಿ, “ಹಂಗಾರ ಹೋಗಿ ಬಾ” ಎಂದಳು.